ಚಿಲ್ಲಾಯ್ ಕಲಾನ್ ಮತ್ತು ಕಿಟಕಿಯ ಕಾಗದ

ನಮ್ಮ ಬಯಲುಸೀಮೆಯಲ್ಲಿ ಕಿಟಕಿ ಇಡುವುದು ಗಾಳಿ ಒಳಗೆ ಬರಲೆಂದು. ಕಾಶ್ಮೀರದ ಚಳಿಗಾಲದಲ್ಲಿ ಅದೇ ಗಾಳಿಯನ್ನು ಹೊರಗೆ ನಿಲ್ಲಿಸಬಲ್ಲ ಕಿಟಕಿಯೇ ಒಳ್ಳೆಯ ಕಿಟಕಿ. ಇದನ್ನು ನಮಗೆ ಮೊದಲು ಹೇಳಿದವರು ಒಬ್ಬ ಶಾಲು ವ್ಯಾಪಾರಿ. ಚಳಿಗಾಲ ಬಂತೆಂದರೆ ಕಾಶ್ಮೀರದ ಶಾಲು ಮಾರುವವರು ಗಂಟು ಹೊತ್ತು ಕರ್ನಾಟಕದ ಊರುಗಳಿಗೂ ಬರುತ್ತಾರೆ. ನಮ್ಮ ಬೀದಿಗೆ ಬರುತ್ತಿದ್ದವರು ನಮ್ಮ ದಖನಿ ಉರ್ದು ಕೇಳಿ ನಗುತ್ತಲೇ ಸ್ನೇಹಿತರಾದರು. "ಈಗ ಊರಲ್ಲಿ ಮನೆಯವರು ಏನು ಮಾಡುತ್ತಿರುತ್ತಾರೆ?" ಎಂದು ಕೇಳಿದರೆ, "ಕಿಟಕಿಗಳಿಗೆ ಪಾಲಿಥೀನ್ ಹೊಡೆಯುತ್ತಿರುತ್ತಾರೆ, ಭಾಯ್‌ಸಾಬ್" ಎಂದಿದ್ದರು.

ಮುಂದೊಂದು ಚಳಿಗಾಲದಲ್ಲಿ ನಾವು ಗಂಡ ಹೆಂಡತಿ ಶ್ರೀನಗರದ ಅವರ ಮನೆಗೆ ಹೋದೆವು. ಅವರು ಮಾತ್ರ ಮೈಸೂರಿನಲ್ಲಿ ಶಾಲು ಮಾರುತ್ತಿದ್ದರು! ಮನೆಯಲ್ಲಿದ್ದವರು ತಾಯಿ, ಹೆಂಡತಿ, ಮಕ್ಕಳು. ಅದು ಚಿಲ್ಲಾಯ್ ಕಲಾನ್‌ನ ಕಾಲ. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ಅಲ್ಲಿಯವರು ಇಟ್ಟ ಹೆಸರದು. ಉರ್ದು ಓದಿದ ನಮಗೆ 'ಚಿಲ್ಲಾ' ಎಂದರೆ ಸೂಫಿಗಳು 40 ದಿನ ಕೂಡುವ ಏಕಾಂತ; ಅಲ್ಲಿ ಇಡೀ ಕಣಿವೆಯೇ ಚಿಲ್ಲಾ ಕೂತಂತಿತ್ತು. 2024ರ ಡಿಸೆಂಬರಿನ ಒಂದು ರಾತ್ರಿಯಂತೂ ಶ್ರೀನಗರದಲ್ಲಿ ಸೊನ್ನೆಗಿಂತ 8.5 ಡಿಗ್ರಿ ಕೆಳಗಿನ ಚಳಿ ದಾಖಲಾಯಿತು. ಐದು ದಶಕಗಳಲ್ಲಿ ಅಂಥ ಡಿಸೆಂಬರ್ ರಾತ್ರಿ ಬಂದಿರಲಿಲ್ಲ.

ಭಾಭಿ ಸ್ಟೂಲು ಹತ್ತಿ, ಹರಿದುಹೋಗಿದ್ದ ಪಾಲಿಥೀನನ್ನು ತೆಗೆದು ಹೊಸದನ್ನು ಮರದ ಪಟ್ಟಿಯಿಟ್ಟು ಮೊಳೆ ಹೊಡೆಯುತ್ತಿದ್ದರು. ಅಮ್ಮೀ ಕೆಳಗೆ ಕೂತು, ಪಿರನ್ ಒಳಗೆ ಕಾಂಗಡಿ ಹಿಡಿದು, ತಮ್ಮ ತವರಿನ ಹಳೆಯ ಮನೆಯ ಕಿಟಕಿಗಳನ್ನು ನೆನೆದರು. ಅವು ಪಿಂಜ್ರಾಕಾರಿ ಕಿಟಕಿಗಳು. ಸಣ್ಣ ಸಣ್ಣ ಮರದ ಕಡ್ಡಿಗಳನ್ನು ಅಂಟು ಮೊಳೆ ಇಲ್ಲದೆ ಒಂದಕ್ಕೊಂದು ಬಿಗಿದು ಹೆಣೆದ ಜಾಲರಿ ಅದು. ಬೇಸಿಗೆಯಲ್ಲಿ ಗಾಳಿ ಆಡುತ್ತದೆ. ಚಳಿಗಾಲ ಬಂದಾಗ ಜಾಲರಿಗೆ ಕಾಗದ ಅಂಟಿಸುತ್ತಾರೆ. ಬೆಳಕು ಬರುತ್ತದೆ, ಗಾಳಿ ನಿಲ್ಲುತ್ತದೆ. ವಸಂತದಲ್ಲಿ ಕಾಗದ ಹರಿದರಾಯಿತು. "ಆ ಕಾಗದ ಹೋಯಿತು, ಈ ಪ್ಲಾಸ್ಟಿಕ್ ಬಂತು, ಬೇಟಾ. ಕೆಲಸ ಅದೇ" ಎಂದರು.

ಅಮ್ಮೀ ಹೇಳಿದ 'ಅದೇ ಕೆಲಸ'ದ ಹಿಂದೆ ಒಂದು ಸರಳ ಸತ್ಯವಿದೆ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಕಂಬಳಿ ಬೆಚ್ಚಗಿರುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದಲೇ. ಕಿಟಕಿಗೂ ಇದೇ ಲೆಕ್ಕ. ಹೊರಗಿಗಿಂತ ಒಳಗೆ 20 ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ, ಒಂಟಿ ಗಾಜಿನ ಒಂದು ಚದರ ಮೀಟರ್‌ನಿಂದ ಸುಮಾರು 115 ವ್ಯಾಟ್ ಶಾಖ ಸೋರಿಹೋಗುತ್ತದೆ. ಎರಡು ಗಾಜುಗಳ ನಡುವೆ 12ರಿಂದ 16 ಮಿಲಿಮೀಟರ್ ಗಾಳಿಯನ್ನು ಮುಚ್ಚಿಟ್ಟರೆ ಸೋರಿಕೆ ಅರ್ಧಕ್ಕೆ ಇಳಿಯುತ್ತದೆ. ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪ ಕೊಟ್ಟು, ನಡುವೆ ಆರ್ಗಾನ್ ಅನಿಲ ತುಂಬಿದರೆ 25-30 ವ್ಯಾಟ್‌ಗೆ ಬರುತ್ತದೆ. ಆ ಲೇಪ ಕೋಣೆಯ ಶಾಖವನ್ನು ಕೋಣೆಗೇ ಹಿಂದಿರುಗಿಸುತ್ತದೆ. ಯುರೋಪಿನ ಚಳಿ ದೇಶಗಳಲ್ಲಿ ಇಂಥ ಕಿಟಕಿಗಳು ಈಗ ಸಾಮಾನ್ಯ. ಭಾಭಿಯ ಮನೆಯ ಲೆಕ್ಕಕ್ಕೆ ಅವು ನಿಲುಕುವುದಿಲ್ಲ.

ಆದರೆ ದುಬಾರಿ ಗಾಜಿಗಿಂತ ಮೊದಲು ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ಸಂದು ಮುಚ್ಚುವುದು. ಚೌಕಟ್ಟಿಗೂ ಗೋಡೆಗೂ ನಡುವೆ, ಬಾಗಿಲಿಗೂ ಚೌಕಟ್ಟಿಗೂ ನಡುವೆ ನುಗ್ಗುವ ಗಾಳಿ ಎಂಥ ಗಾಜನ್ನೂ ಸೋಲಿಸುತ್ತದೆ. ಉರಿಯುವ ಊದುಬತ್ತಿಯನ್ನು ಅಂಚಿಗೆ ಹಿಡಿದರೆ ಹೊಗೆ ಅಲುಗಿ ಕಳ್ಳಸಂದನ್ನು ತೋರಿಸಿಕೊಡುತ್ತದೆ. ಅಲ್ಲಿಗೆ ಒಂದು ರಬ್ಬರ್ ಪಟ್ಟಿ ಸಾಕು. ಎರಡನೆಯದು ಇನ್ನೊಂದು ಪದರ, ಅದು ಪಾಲಿಥೀನೇ ಆಗಲಿ. ಮೂರನೆಯದು ನೆಲ ಮುಟ್ಟುವ ದಪ್ಪ ಪರದೆ. ಹಗಲು ದಕ್ಷಿಣದ ಬಿಸಿಲಿಗೆ ಅದನ್ನು ಸರಿಸಿಡಬೇಕು, ಹೊತ್ತು ಮುಳುಗಿದ ಕೂಡಲೇ ಎಳೆದುಬಿಡಬೇಕು. ಲಡಾಖಿನ ಫೇ ಗ್ರಾಮದ ಬಳಿ ಇರುವ ಸೆಕ್ಮೋಲ್ ಶಾಲೆಯ ಮಣ್ಣಿನ ಕಟ್ಟಡಗಳು ದಕ್ಷಿಣಕ್ಕೆ ದೊಡ್ಡ ಕಿಟಕಿ ತೆರೆದು, ಚಳಿಗಾಲದಲ್ಲೂ ಬಹುಪಾಲು ಬಿಸಿಲಿನಿಂದಲೇ ಬೆಚ್ಚಗಿರುತ್ತವೆ.

ಶ್ರೀನಗರದ ಹೊಸ ಬಡಾವಣೆಗಳಲ್ಲಿ ನಾವು ಕಂಡದ್ದು ಇದಕ್ಕೆ ತದ್ವಿರುದ್ಧ. ತೆಳುವಾದ ಸಿಮೆಂಟ್ ಗೋಡೆ, ಅಗಲವಾದ ಒಂಟಿ ಗಾಜು, ಅಲ್ಯೂಮಿನಿಯಂ ಚೌಕಟ್ಟು. ಅಲ್ಯೂಮಿನಿಯಂ ಮರದಂತಲ್ಲ, ಶಾಖವನ್ನು ಸರಾಗವಾಗಿ ಹೊರಗೆ ಸಾಗಿಸುತ್ತದೆ. ಬೆಳಿಗ್ಗೆ ಅದರ ಮೇಲೆ ನೀರು ಇಳಿಯುತ್ತಿರುತ್ತದೆ, ಮೂಲೆಯಲ್ಲಿ ಬೂಷ್ಟು ಕಟ್ಟಿರುತ್ತದೆ. ನೋಡಲು ಚಂದವೆಂದು ಕಟ್ಟಿದ್ದಕ್ಕೆ ಕರೆಂಟಿನಲ್ಲೋ ಸೌದೆಯಲ್ಲೋ ಪ್ರತಿ ಚಳಿಗಾಲವೂ ಕಂದಾಯ ಕಟ್ಟಬೇಕು. ಕರೆಂಟಾದರೂ ಬೇಕಾದಾಗ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಸಂದು ಮುಚ್ಚಿದ ಕೋಣೆಯಲ್ಲಿ ಕೆಂಡವನ್ನೋ ಗ್ಯಾಸ್ ಹೀಟರನ್ನೋ ಇಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2025ರ ಜನವರಿಯಲ್ಲಿ ಶ್ರೀನಗರದ ಬಾಡಿಗೆ ಮನೆಯೊಂದರಲ್ಲಿ ತಂದೆ, ತಾಯಿ, ಮೂರು ಮಕ್ಕಳು ಹೀಗೆಯೇ ಉಸಿರುಗಟ್ಟಿ ತೀರಿಕೊಂಡರು. ಚಳಿಯಿಂದ ಪಾರಾಗಲು ಹೋಗಿ ಪ್ರಾಣ ಕಳೆದುಕೊಂಡವರು ಅವರು. ಮನೆ ಬಿಗಿಯಾದಷ್ಟೂ ಒಳಗಿನ ಬೆಂಕಿ ಹೊರಗೆ ಹೋಗಬೇಕು, ಇಲ್ಲವೇ ಅದರ ಹೊಗೆಗೆ ಕೊಳವೆಯಿರಬೇಕು. ಹೊಸ ಗಾಳಿ ಬರಲು ಒಂದು ಕಂಡಿಯನ್ನು ತಿಳಿದೇ ಬಿಡಬೇಕು.

ಬಾಡಿಗೆ ಮನೆಯವರ ಕಷ್ಟ ಇನ್ನೂ ಬೇರೆ. ಮಾಲೀಕ ಗಾಜು ಬದಲಿಸುವುದಿಲ್ಲ, ಏಕೆಂದರೆ ಚಳಿ ತಾಗುವುದು ಅವನಿಗಲ್ಲ. ಬಾಡಿಗೆಯವನು ಬದಲಿಸುವುದಿಲ್ಲ, ಏಕೆಂದರೆ ಮನೆ ಅವನದಲ್ಲ. ಇಬ್ಬರ ನಡುವೆ ಸ್ಟೂಲು ಹತ್ತುವವಳು ಮನೆಯ ಹೆಂಗಸು. ಪ್ರತಿ ವರ್ಷ ಅವಳು ಹೊಡೆಯುವ ಮೊಳೆ, ಅವಳು ತಂದು ಒಟ್ಟುವ ಸೌದೆ ಯಾವ ಇಂಧನದ ಲೆಕ್ಕಕ್ಕೂ ಸೇರುವುದಿಲ್ಲ. ಸರ್ಕಾರ ಬಡವರ ಮನೆಗೆ ಗ್ಯಾಸಿನ ಒಲೆ ಕೊಟ್ಟಿತು, ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಿತು. ಚಳಿಯ ಸೀಮೆಯ ಬಡವರ ಕಿಟಕಿಗೆ ಎರಡನೆಯ ಗಾಜು ಕೊಡಿಸುವುದು ಅದಕ್ಕಿಂತ ದೊಡ್ಡ ಮಾತೇನಲ್ಲ. ಬಲ್ಬು ಕೆಲವು ವರ್ಷ ಬಾಳಿದರೆ, ಗಾಜು ಭಾಭಿಯ ಮಕ್ಕಳ ಮದುವೆಯವರೆಗೂ ಬಾಳೀತು.