ಸೆಕೆಂಡಿಗೆ ಹತ್ತು

ಬೆಳಿಗ್ಗೆ 9:15ಕ್ಕೆ ಷೇರುಪೇಟೆ ತೆರೆಯುತ್ತದೆ. ಆಗ ನಾನು ಸಾಮಾನ್ಯವಾಗಿ ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ ಯಾರದೋ ಬ್ಯಾಗಿಗೂ ಕಿಟಕಿಗೂ ನಡುವೆ ಸಿಕ್ಕಿಕೊಂಡಿರುತ್ತೇನೆ. ಮನೆಯಲ್ಲಿ ನಾನು ಬರೆದ ಚಿಕ್ಕ ಪ್ರೋಗ್ರಾಮೊಂದು ನಲವತ್ತು ಷೇರುಗಳ ಮೇಲೆ ಕಣ್ಣಿಟ್ಟಿರುತ್ತದೆ. ಅದರಲ್ಲಿ ಅರ್ಧ ನನ್ನವು, ಉಳಿದರ್ಧ ಅಪ್ಪನವು. ಧಾರವಾಡದಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಗ್ರ್ಯಾಚುಟಿಯ ಒಂದು ಪಾಲು ಅಲ್ಲಿದೆ.

ಬ್ರೋಕರ್‌ಗಳು ನಮ್ಮಂಥವರ ಪ್ರೋಗ್ರಾಮಿಗೆ ಒಂದು ಬಾಗಿಲು ತೆರೆದಿಟ್ಟಿರುತ್ತಾರೆ. ಅದಕ್ಕೆ ಎಪಿಐ ಎನ್ನುತ್ತಾರೆ. ಬಾಗಿಲಲ್ಲಿ ಒಂದು ಲೆಕ್ಕವೂ ಇರುತ್ತದೆ. ಬೆಂಗಳೂರಿನ ಜೆರೋಧಾದ ಕೈಟ್ ಕನೆಕ್ಟ್‌ನ ನಿಯಮ ನೋಡಿ: ಬೆಲೆ ಕೇಳುವುದು ಸೆಕೆಂಡಿಗೆ 1 ಸಲ, ಹಳೆಯ ದರಪಟ್ಟಿ 3 ಸಲ, ಆರ್ಡರ್ 10 ಸಲ. ಮೀರಿದರೆ 429 ಎಂಬ ಉತ್ತರ ಬರುತ್ತದೆ. "ಬಹಳ ಕೇಳಿದೆ, ಸ್ವಲ್ಪ ತಡೆ" ಎಂದು ಅದರ ಅರ್ಥ. 2025ರ ಫೆಬ್ರವರಿಯ ಸೆಬಿ ಸುತ್ತೋಲೆಯ ನಂತರ ಆರ್ಡರ್‌ಗಳಿಗೆ ಎಕ್ಸ್‌ಚೇಂಜ್‌ಗಳೂ ಸೆಕೆಂಡಿಗೆ 10ರ ಗೆರೆ ಎಳೆದಿವೆ. ಅದನ್ನು ದಾಟುವವರು ತಮ್ಮ ಅಲ್ಗಾರಿದಮ್ ನೋಂದಾಯಿಸಬೇಕು.

ಇದನ್ನೆಲ್ಲ ವಿವರಿಸಿದಾಗ ಅಪ್ಪ ಫೋನಿನಲ್ಲೇ ಕೇಳಿದರು: "ಅಲ್ಲೋ ತಮ್ಮಾ, ಪ್ಯಾಟಿ ಬೀಳೂ ದಿವಸ ನಿನ್ನ ಪ್ರೋಗ್ರಾಂ ಸಾಲಿನ್ಯಾಗ ನಿಂತ್ರ ನನ್ನ ರೊಕ್ಕದ ಗತಿ ಏನು?"

ಈ ಪ್ರಶ್ನೆ ಬರಿಯ ಅಂಜಿಕೆಯದಲ್ಲ. 2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ, ನಿಫ್ಟಿ ಸುಮಾರು 6 ಶೇಕಡಾ ಇಳಿಯಿತು. ಅಂಥ ದಿನ ಎಲ್ಲರ ಪ್ರೋಗ್ರಾಮುಗಳೂ ಒಟ್ಟಿಗೆ ಬಾಗಿಲು ಬಡಿಯುತ್ತವೆ.

ಮೊದಲ ಕೆಲಸ, ಬಡಿಯುವುದನ್ನೇ ಕಡಿಮೆ ಮಾಡುವುದು. ನಲವತ್ತು ಷೇರುಗಳ ಬೆಲೆಯನ್ನು ಒಂದೊಂದಾಗಿ ಕೇಳಿದರೆ ನಲವತ್ತು ಸೆಕೆಂಡು ಬೇಕು. ಒಂದೇ ವಿನಂತಿಯಲ್ಲಿ ನಲವತ್ತನ್ನೂ ಕೇಳಬಹುದು. ಅದಕ್ಕಿಂತ ಒಳ್ಳೆಯದು ವೆಬ್‌ಸಾಕೆಟ್: ಒಮ್ಮೆ ಹೆಸರು ಕೊಟ್ಟರೆ ಸಾಕು, ಬೆಲೆ ಬದಲಾದ ಹಾಗೆ ಅವರೇ ಕಳಿಸುತ್ತಾರೆ.

ಎರಡನೆಯದು, ನಮ್ಮ ಕಡೆಯೇ ಒಂದು ಲೆಕ್ಕ. ಒಂದು ಡಬ್ಬಿಯಲ್ಲಿ ಟೋಕನ್‌ಗಳಿವೆ ಎಂದುಕೊಳ್ಳಿ. ಪ್ರತಿ ವಿನಂತಿಗೆ ಒಂದು ಟೋಕನ್ ಖರ್ಚು, ಸೆಕೆಂಡಿಗೆ ಹತ್ತು ಹೊಸದಾಗಿ ಬೀಳುತ್ತವೆ. ಆದರೆ ಡಬ್ಬಿಯೂ ಹತ್ತು ಹಿಡಿಯುವಷ್ಟು ದೊಡ್ಡದಿದ್ದರೆ ತುಂಬಿದ ಹತ್ತು, ಆ ಸೆಕೆಂಡಿನಲ್ಲಿ ಬಿದ್ದ ಹತ್ತು, ಹೀಗೆ ಇಪ್ಪತ್ತರ ಹತ್ತಿರ ಹೋಗಿಬಿಡಬಹುದು. ಹಾಗಾಗಿ ನನ್ನ ಡಬ್ಬಿ ಹಿಡಿಯುವುದು ಎರಡೇ ಟೋಕನ್, ಸೆಕೆಂಡಿಗೆ ಬೀಳುವುದು ಎಂಟು. ಒಂದೇ ಕೀ ಬಳಸುವ ಪ್ರೋಗ್ರಾಮುಗಳು ಎರಡಿದ್ದರೆ ಅವೆರಡಕ್ಕೂ ಡಬ್ಬಿ ಒಂದೇ ಇರಬೇಕು.

ಇಷ್ಟಾದರೂ 429 ಬಂದರೆ? ಬೆಲೆ ಕೇಳುವ ವಿನಂತಿಯಾದರೆ ಒಂದು ಸೆಕೆಂಡು ತಡೆದು ಮತ್ತೆ, ಆಮೇಲೆ ಎರಡು, ನಾಲ್ಕು, ಎಂಟು. ಪ್ರತಿ ಸಲ ಅದಕ್ಕೆ ಚೂರು ಹೆಚ್ಚುಕಡಿಮೆ ಸೇರಿಸಬೇಕು. ಇಲ್ಲವಾದರೆ ಒಟ್ಟಿಗೆ ತಿರಸ್ಕೃತರಾದವರೆಲ್ಲ ಒಟ್ಟಿಗೇ ಮರಳಿ ಬಂದು ಮತ್ತೆ ನೂಕುನುಗ್ಗಲು.

ಆರ್ಡರಿನ ಮಾತು ಬೇರೆ. 429 ಸ್ಪಷ್ಟವಾದ "ಇಲ್ಲ", ಅದರೊಡನೆ ಬಾಳಬಹುದು. ಕಷ್ಟವಿರುವುದು ಮೌನದಲ್ಲಿ: ಆರ್ಡರ್ ಕಳಿಸಿದೆವು, ಉತ್ತರ ಬರುವ ಮೊದಲೇ ಸಂಪರ್ಕ ಕಡಿಯಿತು. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಒಳಗೆ "ಒಂದು ಮಸಾಲೆ" ಎಂದು ಕೂಗುತ್ತಾನೆ. ಅಡುಗೆಯವರಿಂದ ದನಿ ಬರಲಿಲ್ಲವೆಂದು ಮತ್ತೆ ಕೂಗಿದರೆ ಎರಡು ದೋಸೆ ಬರುತ್ತವೆ. ಹೋಟೆಲಿನಲ್ಲಿ ಎರಡನೆಯದನ್ನು ಯಾರಾದರೂ ತಿನ್ನುತ್ತಾರೆ. ಪೇಟೆಯಲ್ಲಿ ನೂರು ಷೇರು ಇನ್ನೂರಾಗುತ್ತವೆ. ಆದ್ದರಿಂದ ನಮ್ಮ ಪ್ರತಿ ಆರ್ಡರಿಗೂ ಒಂದು ಚಿಕ್ಕ ಗುರುತು ಅಂಟಿಸಿರುತ್ತದೆ. ಮೌನವಾದರೆ ಪ್ರೋಗ್ರಾಮು ಮತ್ತೆ ಕೂಗುವುದಿಲ್ಲ, ಮೊದಲು ಆರ್ಡರ್ ಬುಕ್ ತೆರೆದು ಆ ಗುರುತು ಹುಡುಕುತ್ತದೆ. ತಕ್ಷಣ ಕಾಣಲಿಲ್ಲವೆಂದರೂ ಸ್ವಲ್ಪ ತಡೆದು ಇನ್ನೊಮ್ಮೆ ನೋಡುತ್ತದೆ. ಆಗಲೂ ಅನುಮಾನ ಉಳಿದರೆ ನನ್ನ ಫೋನಿಗೆ ಸಂದೇಶ ಬರುತ್ತದೆ, ನಿರ್ಧಾರ ನನ್ನದು.

ಇನ್ನು ಅಪ್ಪನ ಪ್ರಶ್ನೆ. ಪ್ರೋಗ್ರಾಮಿನ ಸಾಲಿನಲ್ಲಿ ಮಾರಿ ಹೊರಬರುವ ಆರ್ಡರ್‌ಗಳು ಎಲ್ಲಕ್ಕಿಂತ ಮುಂದೆ, ಕೊಳ್ಳುವವು ಅವುಗಳ ಹಿಂದೆ, ದರಪಟ್ಟಿ ಕೊನೆಗೆ. ಎಷ್ಟೇ ಗದ್ದಲವಿದ್ದರೂ ಹೊಸ ಖರೀದಿ ಎಲ್ಲ ಟೋಕನ್‌ಗಳನ್ನು ನುಂಗುವಂತಿಲ್ಲ. ಆದರೆ ಅಪ್ಪನ ಪಾಲಿನ ಷೇರುಗಳಿಗೆ ಇದನ್ನೂ ನೆಚ್ಚಿಕೊಂಡಿಲ್ಲ. ಪ್ರತಿದಿನ ಪೇಟೆ ಶಾಂತವಾಗಿರುವಾಗಲೇ ಅವುಗಳ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜಿಗೆ ಹೋಗಿ ಕೂತಿರುತ್ತದೆ. ಬೆಲೆ ಆ ಗೆರೆ ಮುಟ್ಟಿದಾಗ ನನ್ನ ಪ್ರೋಗ್ರಾಮು ಯಾರ ಬಾಗಿಲನ್ನೂ ಬಡಿಯಬೇಕಿಲ್ಲ. ಡೊಂಬಿವಲಿಯಲ್ಲಿ ಕರೆಂಟು ಹೋಗಿದ್ದರೂ ಆರ್ಡರ್ ಅಲ್ಲಿರುತ್ತದೆ.

ಅಪ್ಪ ಮೇಷ್ಟ್ರು, ಅಷ್ಟಕ್ಕೇ ಬಿಡಲಿಲ್ಲ. ಬೆಲೆ ಒಮ್ಮೆಲೇ ಗೆರೆ ಹಾರಿ ಕೆಳಗೆ ಬಿದ್ದರೆ ಎಂದು ಕೇಳಿದರು. ಹಾಗಾದರೆ ಕಡಿಮೆ ಬೆಲೆಗೆ ಮಾರಾಟವಾಗಬಹುದು, ಕೆಲವೊಮ್ಮೆ ಮಾರಾಟವೇ ಆಗದಿರಬಹುದು ಎಂದೆ. ಅದನ್ನು ತಡೆಯುವ ಕೋಡ್ ನನ್ನಲ್ಲಿಲ್ಲ. ಆ ತಿಂಗಳು ಅವರು ಗ್ರ್ಯಾಚುಟಿಯ ಆ ಪಾಲಿನಲ್ಲಿ ಅರ್ಧವನ್ನು ತೆಗೆದು ಅಂಚೆ ಕಚೇರಿಯಲ್ಲಿಟ್ಟರು. ಉಳಿದರ್ಧಕ್ಕೆ ಪ್ರೋಗ್ರಾಮು ಸಾಕು ಎಂದರು.