ನೋಡೋರು, ಉಜ್ಜೋರು

ಬೈಕನ್ನ ಗುಜರಿಗೆ ಹಾಕೋಣ ಅಂತ ಹೇಳಿದ್ದು ನಾನೇ. 2016ರಲ್ಲಿ, ಕೆಲಸಕ್ಕೆ ಸೇರಿದ ವರ್ಷ, ಕಂತಿನ ಮೇಲೆ ತಗೊಂಡ ಬಜಾಜ್ ವಿ. ವಿಮಾನವಾಹಕ ನೌಕೆ ವಿಕ್ರಾಂತದ ಲೋಹ ಇದರಲ್ಲಿದೆ ಅನ್ನೋ ಜಾಹೀರಾತಿಗೆ ಮರುಳಾಗಿದ್ದೆ. ವರ್ಕ್ ಫ್ರಂ ಹೋಮ್ ಶುರುವಾದಾಗ ಕೃಷ್ಣರಾಜಪುರದ ನಮ್ಮನೆ ಪಾರ್ಕಿಂಗಲ್ಲಿ ನಿಂತಿದ್ದು, ನಿಂತೇ ಇದೆ. ಏರಿಯಾಗೆ ಮೆಟ್ರೋ ಬಂತು, ಟ್ಯಾಂಕಿಗೆ ತುಕ್ಕು ಬಂತು.

ಅಪ್ಪ ಇಲ್ಲಿನ ಡೀಸೆಲ್ ಲೋಕೋ ಶೆಡ್ಡಲ್ಲಿ ದುಡಿದು ರಿಟೈರ್ ಆದವರು. ಬೈಕ್ ತಂದ ದಿನವೇ ಬೈದಿದ್ರು: "ಯುದ್ಧ ಮಾಡಿದ ಹಡಗು ಉಳಿಸ್ಕೊಳ್ಳಕ್ಕಾಗ್ಲಿಲ್ಲ, ನೀನು ಅದರ ಚೂರು ಕೊಂಡ್ಕೊಂಡು ಮೆರೀತೀಯ!"

ಸುಳ್ಳಲ್ಲ. 1961ರಲ್ಲಿ ನೌಕಾಪಡೆ ಸೇರಿ, 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿ, 1997ರಲ್ಲಿ ನಿವೃತ್ತಿಯಾದ ವಿಕ್ರಾಂತ ಮುಂಬೈನಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ಕೊನೆಗೆ 2014ರಲ್ಲಿ ಸುಮಾರು 60 ಕೋಟಿಗೆ ಗುಜರಿ ಪಾಲಾಯ್ತು.

ಕಳೆದ ಡಿಸೆಂಬರಲ್ಲಿ ಅಪ್ಪನ್ನ ಕಾರವಾರಕ್ಕೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ. ಸೋವಿಯತ್ ಕಾಲದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆಗೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, ಈಗ ದಡದ ಮೇಲೆ ಮ್ಯೂಸಿಯಂ. ನಾನು ಒಳಗಿನ ಸಮವಸ್ತ್ರದ ಗೊಂಬೆಗಳ ಫೋಟೋ ತೆಗೆದು ಬರೋಷ್ಟರಲ್ಲಿ ಅಪ್ಪ ಕೆಳಗೆ ನಿಂತು ಹಡಗಿನ ಮೈ ಬೆರಳ ಗೆಣ್ಣಲ್ಲಿ ತಟ್ತಿದ್ರು.

"ಏನಪ್ಪಾ?"

"ನೀರಲ್ಲಿದ್ದಾಗ ದಿನಾ ಯಾರಾದ್ರೂ ಉಜ್ತಾ, ಬಳೀತಾ ಇರ್ತಾರೆ ಕಣೋ. ದಡಕ್ಕೆ ತಂದ್ಮೇಲೆ ನೋಡೋರು ಜಾಸ್ತಿ, ಉಜ್ಜೋರು ಕಮ್ಮಿ."

ಆಮೇಲೆ ಪಾಠ ಶುರು. ತುಕ್ಕಿನ ಮೇಲೇ ಬಣ್ಣ ಬಳಿದ್ರೆ ಒಳಗೊಳಗೇ ತಿನ್ನುತ್ತೆ. ಲೋಹ ಹೊಳೆಯೋವರೆಗೂ ಕೆರೀಬೇಕು, ಉಪ್ಪು ಹೋಗೋಹಾಗೆ ಸಿಹಿನೀರಲ್ಲಿ ತೊಳೀಬೇಕು, ಒಣಗಿದ ತಕ್ಷಣ ಪ್ರೈಮರ್ ಹಚ್ಬೇಕು. ಮೊದಲು ಮಳೆನೀರು ನಿಲ್ಲೋ ಮೂಲೆ ಹುಡುಕ್ಬೇಕು, ಹಾಳಾಗೋದು ಅಲ್ಲಿಂದಲೇ.

ರಿಟೈರ್ ಆದ್ಮೇಲೆ ಅಪ್ಪ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಮನೇಲಿ ಅವರನ್ನ ದಿನಾ ನೋಡ್ತೀನಿ. ಎರಡು ಮೀಟಿಂಗ್ ನಡುವೆ, ಕಾಫಿ ಲೋಟ ಇಡೋಕೆ ಬಂದಾಗ. ಕೆಲವು ಸಲ ಹೆಡ್‌ಫೋನ್ ಕೂಡ ತೆಗೆದಿರಲ್ಲ. ವಾಪಸ್ ಬರೋ ರೈಲಲ್ಲಿ ಇದೇ ಯೋಚನೆ.

ಗುಜರಿಯವನಿಗೆ ಬೇಡ ಅಂದೆ. ಈಗ ಭಾನುವಾರ ಬೆಳಗ್ಗೆ ಟ್ಯಾಂಕಿಗೆ ವಿನೆಗರ್ ಸುರಿದು, ಒಂದು ಹಿಡಿ ನಟ್ಟು ಹಾಕಿ ಕುಲುಕೋ ಕೆಲಸ ನಂದು, ಬೈಯೋ ಕೆಲಸ ಅಪ್ಪಂದು. ಮೂರು ಭಾನುವಾರ ಆಯ್ತು, ಗಾಡಿ ಇನ್ನೂ ಸ್ಟಾರ್ಟ್ ಆಗಿಲ್ಲ.

ಇಬ್ಬರಿಗೂ ಅವಸರ ಇದ್ದಂಗಿಲ್ಲ.