ಮಧುಗಿರಿಯ ಬಂಡೆ, ಕಗ್ಗಲಡಿನ ಕೊಕ್ಕರೆ, ಒಂದು ಮಗುವಿನ ಪುಸ್ತಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳನ್ನು ನೀವು ಯಾತಕ್ಕೆ ಸುತ್ತಿರುತ್ತೀರಿ? ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ತೀರಿಸಲಿಕ್ಕೆ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಲಿಕ್ಕೆ, ಇಲ್ಲವೇ ನಾದಿನಿ ಮಗಳ ಸೀಮಂತಕ್ಕೆ. ನಾನು ಹೋದ ಸಲ ಸುತ್ತಿದ್ದು ಮಾತ್ರ ಚಿತ್ರ ಹುಡುಕಿಕೊಂಡು. ನೀವೂ ಜೊತೆಗೆ ಬನ್ನಿ. ಬುತ್ತಿಗೆ ಚಿತ್ರಾನ್ನ, ನೀರಿನ ಬಾಟಲಿ, ಬಿಸಿಲಿಗೆ ಒಂದು ಛತ್ರಿ ಇದ್ದರೆ ಸಾಕು.

ಮೊದಲು ಚಿತ್ರದ ವಿಚಾರ ಹೇಳಿಬಿಡುತ್ತೇನೆ. ಮದುವೆಯಾಗಿ ಅಮೆರಿಕ ಸೇರಿದ ಗೆಳತಿಯೊಬ್ಬಳು ನನಗಿದ್ದಾಳೆ. ಅವಳ ಯಜಮಾನರು ಅಲ್ಲಿಯವರೇ. ಇಬ್ಬರೂ ಕಾನೂನು ಪ್ರಕಾರ ಅರ್ಜಿ ಹಾಕಿ, ಕಾದು ಕಾದು, ನಮ್ಮ ಕಡೆಯ ಹೆಣ್ಣುಮಗು ಒಂದನ್ನು ದತ್ತು ತಗೊಂಡಿದ್ದಾರೆ. ಕರಕೊಂಡು ಹೋಗುವಾಗ ಅದಕ್ಕೆ ನಾಲ್ಕು ವರ್ಷ. ಈಗ ಸ್ಕೂಲಿಗೆ ಹೋಗುತ್ತದೆ. ಒಂದು ದಿನ ಅದು ಕೇಳಿತಂತೆ, "ಅಮ್ಮಾ, ನಾನು ಮೊದಲಿದ್ದ ಊರು ಹೆಂಗಿತ್ತು?" ಗೆಳತಿ ಬೆಂಗಳೂರಿನಲ್ಲೇ ಬೆಳೆದವಳು, ಈ ಬಯಲುಸೀಮೆ ಕಂಡವಳಲ್ಲ. ಮನೆಯಲ್ಲಿದ್ದ ಪುಸ್ತಕ ತೆಗೆದು ತೋರಿಸಿದಳು. ಇಂಡಿಯಾ ಅಂದರೆ ಆನೆ, ಅರಮನೆ, ತಾಜಮಹಲು. ಮಗು ನೋಡಿ, "ಇದಲ್ಲ" ಅಂದು ಎದ್ದು ಹೋಯಿತಂತೆ. "ಅಲ್ಲಿಯದೇ ಚಿತ್ರ ಕಳಿಸೇ, ನಾನೇ ಒಂದು ಪುಸ್ತಕ ಮಾಡ್ತೀನಿ" ಎಂದು ನನಗೆ ಬರೆದಳು. ಜೊತೆಗೆ ಅಲ್ಲಿ ಇಂಥ ಮನೆಗಳಲ್ಲಿ ಓದಿಸುವ ಮೂರು ಚಿತ್ರಪುಸ್ತಕಗಳನ್ನೂ ಕಳಿಸಿದಳು. ಬಸ್ಸಿನಲ್ಲಿ ಓದಲು ಅವನ್ನು ಚೀಲದಲ್ಲಿ ಇಟ್ಟುಕೊಂಡೆ.

ಒಂದು, ಕೀಕೋ ಕಾಜಾ ಎಂಬಾಕೆಯ 'ಎ ಮದರ್ ಫಾರ್ ಚೋಕೋ'. 1992ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು. ಚೋಕೋ ಎಂಬ ಪುಟ್ಟ ಹಳದಿ ಹಕ್ಕಿ ಅಮ್ಮನನ್ನು ಹುಡುಕುತ್ತಾ ಹೋಗುತ್ತದೆ. ಜಿರಾಫೆಗೆ ತನ್ನ ಬಣ್ಣವಿದೆ, ರೆಕ್ಕೆಯಿಲ್ಲ. ಪೆಂಗ್ವಿನ್ನಿಗೆ ರೆಕ್ಕೆಯಿದೆ, ತನ್ನಂಥ ಗುಂಡು ಕೆನ್ನೆಯಿಲ್ಲ. ಕೊನೆಗೆ ಸೇಬು ಕೀಳುತ್ತಿದ್ದ ಕರಡಿಯಮ್ಮ ಅದನ್ನು ಮನೆಗೆ ಕರಕೊಂಡು ಹೋಗುತ್ತಾಳೆ. ನೋಡಿದರೆ ಅಲ್ಲಿ ಆಗಲೇ ಒಂದು ನೀರಾನೆಮರಿ, ಒಂದು ಮೊಸಳೆಮರಿ, ಒಂದು ಹಂದಿಮರಿ! ಎರಡನೆಯದು ಉಮಾ ಕೃಷ್ಣಸ್ವಾಮಿಯವರ 'ಬ್ರಿಂಗಿಂಗ್ ಆಶಾ ಹೋಮ್', 2006ರದ್ದು. ಅಮೆರಿಕದ ಅರುಣನಿಗೆ ರಾಖಿ ಕಟ್ಟಲು ತಂಗಿ ಬೇಕು. ಭಾರತದಿಂದ ಆಶಾ ಬರುತ್ತಾಳೆ ಅಂತ ಗೊತ್ತಾಗುತ್ತದೆ, ಆದರೆ ಸರ್ಕಾರದ ಒಪ್ಪಿಗೆ ಸಿಗುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ಆ ಹುಡುಗನ ಚಡಪಡಿಕೆಯೇ ಕತೆ. ಮೂರನೆಯದು ಆಲೆನ್ ಸೇ ಬರೆದು ಚಿತ್ರಿಸಿದ 'ಅಲಿಸನ್', 1997ರದ್ದು. ಅಜ್ಜಿ ಕಳಿಸಿದ ಕಿಮೋನೊ ತೊಟ್ಟು ಕನ್ನಡಿ ಮುಂದೆ ನಿಂತ ಪುಟ್ಟ ಹುಡುಗಿಗೆ ತಾನು ಅಪ್ಪ ಅಮ್ಮನ ಹಾಗಿಲ್ಲ, ತನ್ನ ಬೊಂಬೆಯ ಹಾಗಿದ್ದೇನೆ ಎಂದು ಹೊಳೆಯುತ್ತದೆ. ಸಿಟ್ಟು ಬಂದು ಅಪ್ಪ ಅಮ್ಮ ಜೋಪಾನವಾಗಿ ಇಟ್ಟ ಹಳೇ ಸಾಮಾನುಗಳನ್ನೇ ಹಾಳು ಮಾಡುತ್ತಾಳೆ.

ನನ್ನ ಕೇಳಿದರೆ ಮೂರರಲ್ಲಿ ಅಲಿಸನ್ನೇ ಮೇಲು. ಚೋಕೋ ಮುದ್ದಾಗಿದೆ, ಎರಡು ವರ್ಷದ ಮಗುವಿಗೂ ಆಗುತ್ತದೆ, ಆದರೆ ಮೊಟ್ಟೆಯಿಟ್ಟ ತಾಯಿಯ ಮಾತೇ ಅದರಲ್ಲಿಲ್ಲ. ಆಶಾಳದ್ದು ಕಾಯುವ ಮನೆಯವರ ಕತೆ, ಅವಳು ಬಿಟ್ಟು ಬರುವ ಊರು ದೂರದಲ್ಲೇ ಉಳಿಯುತ್ತದೆ. ಅಲಿಸನ್ ಮಾತ್ರ ಮಗುವಿಗೂ ಸಿಟ್ಟು ಬರಬಹುದು, ದುಃಖ ಆಗಬಹುದು ಅಂತ ಒಪ್ಪಿಕೊಳ್ಳುತ್ತದೆ. ನಮ್ಮಲ್ಲೂ ಇಂಥದು ಇಲ್ಲವೆಂದಲ್ಲ. ಚೆನ್ನೈನ ತೂಲಿಕಾ ಪ್ರಕಾಶನ ತಂದ ದೀಪಾ ಬಲ್ಸಾವರ್ ಅವರ 'ದಿ ಲೋನ್ಲಿ ಕಿಂಗ್ ಅಂಡ್ ಕ್ವೀನ್' ಮಕ್ಕಳಿಲ್ಲದ ರಾಜ ರಾಣಿಯ ಮನೆಗೆ ಮಗು ಬರುವ ಕತೆಯೇ.

ಅಷ್ಟರಲ್ಲಿ ಕೊರಟಗೆರೆ ಬಂತು. ಶುಕ್ರವಾರ ಬೇರೆ. ಗೊರವನಹಳ್ಳಿಗೆ ಹೊರಟ ಹೆಂಗಸರಿಂದ ಬಸ್ಸು ಕಿಕ್ಕಿರಿದಿತ್ತು. ಎಲ್ಲರ ಕೈಯಲ್ಲೂ ತೆಂಗಿನಕಾಯಿ, ಹೂವು, ಬಳೆ. ಆ ಹರಕೆಗಳಲ್ಲಿ ಮಡಿಲು ತುಂಬಲಿ ಎಂಬವು ಎಷ್ಟೋ! ಪಕ್ಕದಲ್ಲಿ ಕೂತ ಅಜ್ಜಿ ನನ್ನ ಕೈಲಿದ್ದ ಪುಸ್ತಕ ಬಗ್ಗಿ ನೋಡಿದರು.

"ಇದೇನವ್ವ, ಕರಡಿ ಹಂದಿಮರೀನ ತಬ್ಕೊಂಡೈತೆ?"

ವಿಷಯ ಹೇಳಿದೆ. ಅಜ್ಜಿ ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ತಾಯಿ, ಸಾಕಿದ ಮಗೀಗೆ ಸಾಕಿದ್ದು ಅಂತ ಯಾರಾನ ಹೇಳ್ತಾರಾ? ಮನಸು ಮುರಿದೋಗಲ್ವಾ?"

"ನಿಮ್ಮೂರಲ್ಲಿ ಅಂಥ ಮಕ್ಕಳಿಗೆ ಗೊತ್ತಾಗಲೇ ಇಲ್ವಾ ಅಜ್ಜಿ?"

ಅವರು ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದರು. "ಆಯ್ತು. ಜಮೀನು ಪಾಲು ಮಾಡೋ ದಿನ, ದಾಯಾದಿ ಬಾಯಿಂದ."

ನೋಡಿ, ಹೀಗೇ ಆಗುವುದು. ಮನೆಯವರು ಮುಚ್ಚಿಟ್ಟದ್ದನ್ನು ಬೀದಿಯವರು ಬಿಚ್ಚುತ್ತಾರೆ, ಅದೂ ಜಗಳದ ಹೊತ್ತಿನಲ್ಲಿ. ಕರ್ಣನಿಗೆ ಹೆತ್ತವಳು ಯಾರೆಂದು ತಿಳಿದದ್ದು ಯುದ್ಧ ಎದುರಿಗೆ ನಿಂತಾಗ. ಕೃಷ್ಣನಿಗೆ ಇಬ್ಬರು ತಾಯಂದಿರು ಎಂಬುದು ಮಾತ್ರ ಊರಿಗೆಲ್ಲ ಗೊತ್ತು. ಅದರಿಂದ ಯಶೋದೆಯ ಮರ್ಯಾದೆಗೆ ಏನಾದರೂ ಕಡಿಮೆಯಾಗಿದೆಯೇ? ನಮ್ಮ ತೊಟ್ಟಿಲ ಹಾಡುಗಳಲ್ಲಿ ಇರುವವಳೇ ಅವಳು. ಪರದೇಶಕ್ಕೆ ಹೋದ ಮಗುವಿಗಂತೂ ಮುಚ್ಚಿಡುವ ಮಾತೇ ಇಲ್ಲ, ಮೈಬಣ್ಣವೇ ಎಲ್ಲ ಹೇಳಿಬಿಡುತ್ತದೆ. ಆದ್ದರಿಂದ ಮಾತು ಬರುವ ಮೊದಲೇ, ತೊಡೆ ಮೇಲೆ ಕೂರಿಸಿಕೊಂಡು ಪುಟ ತಿರುಗಿಸುವಾಗಲೇ ಹೇಳಿಬಿಡುವುದು ಒಳ್ಳೆಯದು. ಆಗ ಅದು ಸುದ್ದಿಯಾಗುವುದಿಲ್ಲ, ಮನೆಯ ಮಾತಾಗುತ್ತದೆ.

ಕೊರಟಗೆರೆಯಿಂದ ನಾನು ತಂದುಕೊಂಡ ಚಿತ್ರ ಸಿದ್ಧರಬೆಟ್ಟದ್ದು. ಮಧುಗಿರಿಯಲ್ಲಿ ಚಿತ್ರ ಹುಡುಕುವ ಕೆಲಸವೇ ಇಲ್ಲ, ಊರಿನಲ್ಲಿ ಎಲ್ಲಿ ನಿಂತರೂ ಆ ಬಂಡೆ ಕಣ್ಣಿಗೆ ಬೀಳುತ್ತದೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಹತ್ತುವುದಿದ್ದರೆ ಬೆಳಿಗ್ಗೆ ಬೇಗ ಹತ್ತಬೇಕು, ಮೇಲಿನ ಕೋಟೆ ಹತ್ತಿರವಾದಂತೆ ಇಳಿಜಾರು ಎದೆ ಝಲ್ಲೆನ್ನಿಸುತ್ತದೆ. ನಾನಂತೂ ಅರ್ಧಕ್ಕೇ ಕೂತು ಕೆಳಗಿನ ಕೆರೆ, ಹೊಲ ನೋಡಿದೆ. ತಾಲ್ಲೂಕಿನ ಇನ್ನೊಂದು ತುದಿಯಲ್ಲಿ ಮೈದನಹಳ್ಳಿಯ ಹುಲ್ಲುಗಾವಲಿದೆ. ಕೃಷ್ಣಮೃಗಗಳಿಗಾಗಿ 2007ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿದರು. ನಾಲ್ಕು ವರ್ಷ ಈ ನೆಲದಲ್ಲಿದ್ದ ಮಗುವಿಗೆ ಆನೆಗಿಂತ ಈ ಬಂಡೆಯೇ ನೆನಪಾದೀತು, ಅಲ್ಲವೇ?

ಆ ಬಂಡೆಯ ಮೇಲೆ ಕೂತಾಗಲೇ ಪುಸ್ತಕದ ಕಷ್ಟದ ಪುಟ ಮನಸ್ಸಿಗೆ ಬಂದದ್ದು. ಹೆತ್ತವಳ ಪುಟ. ಅದನ್ನು ಬಿಟ್ಟುಬಿಟ್ಟರೆ ಮಗು ತಾನೇ ಕಟ್ಟಿಕೊಳ್ಳುತ್ತದೆ, ಮಕ್ಕಳು ಕಟ್ಟುವ ಕತೆಯಲ್ಲಿ ತಪ್ಪೆಲ್ಲ ತಮ್ಮದೇ. 'ನಾನು ಅಳ್ತಿದ್ದೆ, ಅದಕ್ಕೇ ಬಿಟ್ಟಳು' ಅಂದುಕೊಳ್ಳುತ್ತವೆ. 'ಬಿಸಾಡಿ ಹೋದಳು' ಎಂಬ ಮಾತು ಯಾವ ಕಾರಣಕ್ಕೂ ಬೇಡ. 'ಪಾಪ, ನಿನ್ನ ಅದೃಷ್ಟ, ಇಂಥ ಮನೆ ಸಿಕ್ಕಿತು' ಎಂದೂ ಬೇಡ, ಅದು ಮಗುವಿನ ತಲೆ ಮೇಲೆ ಜೀವಮಾನದ ಸಾಲ ಹೊರಿಸಿದಂತೆ. ಕಾಗದಪತ್ರದಲ್ಲಿ ಇದ್ದಷ್ಟನ್ನೇ ಬರೆಯಬೇಕು. 'ನಿನ್ನನ್ನು ಹೆತ್ತ ಅಮ್ಮ ಈ ಬೆಟ್ಟಗಳ ಕಡೆಯವಳು. ಅವಳಿಗೆ ಆಗ ಯಾವ ಮಗುವನ್ನೂ ಸಾಕಲು ಆಗುತ್ತಿರಲಿಲ್ಲ. ಯಾಕೆ ಅಂತ ನಮಗೆ ಪೂರ್ತಿ ಗೊತ್ತಿಲ್ಲ.' ಗೊತ್ತಿಲ್ಲ ಎಂಬುದೂ ಒಂದು ಪುಟವಾಗಬಹುದು.

ಕಾಗದಪತ್ರ ಎಂದೆನಲ್ಲ, ಅದು ಸರಿಯಾಗಿದ್ದರೆ ತಾನೇ ಈ ಪುಸ್ತಕ ನಿಜವಾಗುವುದು? ಹಿಂದೆ ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ಅನ್ಯಾಯ ನಡೆಯುತ್ತಿದೆಯೆಂದು ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. 1984ರ ತೀರ್ಪು ಅದರ ಮೇಲೆಯೇ ಬಂತು. ಮೊದಲು ಮಗುವಿಗೆ ಇಲ್ಲೇ ಮನೆ ಹುಡುಕಬೇಕು, ಸಿಗದಿದ್ದರೆ ಮಾತ್ರ ಹೊರಗೆ ಎಂದು ಕೋರ್ಟು ಹೇಳಿತು. 1990ರಲ್ಲಿ ಕೇಂದ್ರದಲ್ಲಿ 'ಕಾರಾ' ಎಂಬ ದತ್ತು ಪ್ರಾಧಿಕಾರ ಬಂತು. 2015ರ ಕಾನೂನಿನ ಪ್ರಕಾರ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು 60 ದಿನ ಇದೆ. ಈಗ ದತ್ತು ಆದೇಶ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಇಷ್ಟಿದ್ದೂ 2024ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಹಸುಗೂಸುಗಳನ್ನು ಮಾರುವ ಜಾಲವನ್ನು ಪೊಲೀಸರು ಹಿಡಿದರು. ಹಾಗೆ ಕೊಂಡ ಮಗುವಿಗೆ ಯಾವ ಪುಸ್ತಕ ಮಾಡುತ್ತೀರಿ? ಹೆತ್ತವಳ ಪುಟದಲ್ಲಿ ಏನು ಬರೆಯುತ್ತೀರಿ? ಯಾರಾದರೂ ನಿಮ್ಮ ಕಿವಿಯಲ್ಲಿ 'ಕೋರ್ಟು ಕಚೇರಿ ಬೇಡಕ್ಕ, ಒಂದು ಮಗು ಇದೆ' ಅಂದರೆ ಅಲ್ಲೇ ನಿಲ್ಲಿಸಿಬಿಡಿ.

ಶಿರಾಕ್ಕೆ ಹೋದರೆ ಮಲಿಕ್ ರಿಹಾನನ ದರ್ಗಾ ನೋಡಿ, ಚೆಂದದ ಕಟ್ಟಡ. ಆದರೆ ನನ್ನ ಕಾಲು ಎಳೆದದ್ದು ಕಗ್ಗಲಡಿಗೆ. ಪುಟ್ಟ ಹಳ್ಳಿ. ಊರ ನಡುವಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳು! ವರ್ಷದ ಮೊದಲ ತಿಂಗಳುಗಳಲ್ಲಿ ಬಂದು, ಗೂಡು ಕಟ್ಟಿ, ಮರಿ ಮಾಡಿ, ಮರಿಗೆ ರೆಕ್ಕೆ ಬಲಿತ ಮೇಲೆ ಹೋಗುತ್ತವೆ. ಮನೆಯ ಸೂರಿಗೆ ತಾಗುವಷ್ಟು ಹತ್ತಿರ ಗೂಡು, ಕೆಳಗೆ ಹಿಕ್ಕೆ, ವಾಸನೆ. ಆದರೂ ಊರವರು ಅವಕ್ಕೆ ಕಲ್ಲು ಎತ್ತುವುದಿಲ್ಲ, ಹೊರಗಿನವರು ಎತ್ತಲೂ ಬಿಡುವುದಿಲ್ಲ. "ನಿಮಗೆ ತೊಂದರೆ ಅನ್ನಿಸಲ್ವಾ?" ಎಂದು ಕಸ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದೆ. "ಹೆರಿಗೆಗೆ ಬಂದ ಹೆಣ್ಮಕ್ಕಳ್ನ ಆಚೆ ಹಾಕಕ್ಕಾಯ್ತದಾ ಅಕ್ಕ?" ಅಂದಳು.

ಇಲ್ಲಿ ಒಂದು ತಮಾಷೆ ಇದೆ. ಯುರೋಪು ಅಮೆರಿಕದಲ್ಲಿ 'ಮಗು ಎಲ್ಲಿಂದ ಬಂತು' ಅಂದರೆ 'ಕೊಕ್ಕರೆ ತಂದುಕೊಟ್ಟಿತು' ಅಂತ ಮಕ್ಕಳಿಗೆ ಹೇಳುವ ರೂಢಿಯಿದೆಯಂತೆ. ಶುಭಾಶಯ ಕಾರ್ಡುಗಳ ಮೇಲೆ ಕೊಕ್ಕರೆ ಕೊಕ್ಕಿನಲ್ಲಿ ಬಟ್ಟೆ ಗಂಟು ಹಿಡಿದು ಹಾರುವ ಚಿತ್ರ ನೀವೂ ನೋಡಿರಬಹುದು. ನಮ್ಮ ಪುಟ್ಟಿ ಆ ಚಿತ್ರ ನೋಡಿಯೇ ಇರುತ್ತಾಳೆ. ಆದ್ದರಿಂದ ಗೆಳತಿಗೆ ಕಟ್ಟುನಿಟ್ಟಾಗಿ ಬರೆದೆ. ಕೊಕ್ಕರೆ ನಿನ್ನನ್ನು ತಂದಿತು ಅಂತ ಮಾತ್ರ ಹೇಳಬೇಡ, ಅವಳು ಒಬ್ಬ ಹೆಂಗಸಿನ ಹೊಟ್ಟೆಯಲ್ಲೇ ಹುಟ್ಟಿದವಳು. ಕಗ್ಗಲಡಿನ ಕೊಕ್ಕರೆಯನ್ನು ಅದು ಇರುವ ಹಾಗೇ ಬರೆ, ಹುಣಸೆಮರದ ಮೇಲೆ, ಮರಿಯ ಜೊತೆ. ತಾಯಿ ಬೆಳ್ಳಗೆ, ಹಿಂದುಗಡೆ ಗುಲಾಬಿ ಗರಿ, ಉದ್ದ ಹಳದಿ ಕೊಕ್ಕು. ಮರಿಯೋ ಮಾಸಲು ಕಂದು. ಒಂದು ಚೂರೂ ಹೋಲುವುದಿಲ್ಲ! ಕನ್ನಡಿ ಮುಂದೆ ನಿಂತು ಅಲಿಸನ್ ಕೇಳಿದ ಪ್ರಶ್ನೆಯನ್ನು ಈ ಹುಡುಗಿಯೂ ಒಂದು ದಿನ ಕೇಳಿದರೆ ಆ ಪುಟ ತೆಗೆದು ಮಾತು ಶುರು ಮಾಡಬಹುದು. ಆದರೆ ಮರಿ ಬೆಳೆದು ತಾಯಿಯ ಬಣ್ಣವೇ ಆಗುತ್ತದೆ, ನೀನು ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಮಕ್ಕಳು ಜಾಣರು, ಅರ್ಧ ಹೇಳಿದರೆ ಹಿಡಿದುಬಿಡುತ್ತವೆ.

ಪಾವಗಡಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ, ಮಧುಗಿರಿ ಮೇಲೇ ಬಸ್ಸು. ಬಿಸಿಲೂರು. ಕಡಲೆಕಾಯಿ ಹೊಲ, ಕಲ್ಲುಗುಡ್ಡ, ಊರ ನೆತ್ತಿ ಮೇಲೆ ಕೋಟೆ. ತಿರುಮಣಿ ಕಡೆ ಹೋದರೆ ಸೂರ್ಯನ ಬಿಸಿಲಿನಿಂದ ಕರೆಂಟು ಮಾಡುವ ಗಾಜಿನ ಹಲಗೆಗಳು ಸಮುದ್ರದ ಹಾಗೆ ಹಾಸಿವೆ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರಲ್ಲಿ ಶುರುವಾಯಿತು. ಚಿತ್ರಪುಸ್ತಕಕ್ಕೆ ಇದೂ ಬೇಕು ಎಂದು ನನ್ನ ಹಟ. ತಾನು ಬಂದ ಊರು ಎಂದರೆ ಬರೀ ಗುಡಿಸಲು, ಬರಗಾಲ ಅಂತ ಮಗು ತಿಳಿಯಬಾರದು.

ಪಾವಗಡದ ಸುತ್ತ ಹೆಚ್ಚು ಕಡಿಮೆ ಮೂರು ಕಡೆ ಆಂಧ್ರ. ಅಂಗಡಿಯಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಬಸ್‌ಸ್ಟ್ಯಾಂಡಿನಲ್ಲಿ ಕೂಸೊಂದು ಕಳೆದುಹೋದ ಹಾಗೆ ಕಿರುಚುತ್ತಿತ್ತು, "ಅಮ್ಮಾ" ಅಂತ. ತೆಲುಗಿನದೋ ಕನ್ನಡದ್ದೋ ಗೊತ್ತಾಗಲಿಲ್ಲ, ಎರಡರಲ್ಲೂ ಅದೇ ಮಾತು. ನಾಲ್ಕು ವರ್ಷಕ್ಕೆ ಪರದೇಶಕ್ಕೆ ಹೋದ ಮಗು ಹೊಸ ಭಾಷೆ ಬೇಗ ಕಲಿತು ಹಳೆಯದನ್ನು ಅಷ್ಟೇ ಬೇಗ ಮರೆಯುತ್ತದೆ. ಆದ್ದರಿಂದ ಪ್ರತಿ ಚಿತ್ರದ ಕೆಳಗೆ ಒಂದೊಂದು ಕನ್ನಡ ಮಾತು ದಪ್ಪಕ್ಷರದಲ್ಲಿ ಇರಲಿ ಎಂದೆ: ಬಂಡೆ, ಹುಣಸೆ, ಮುದ್ದೆ, ಕೊಕ್ಕರೆ, ಅಮ್ಮ.

ಪುಸ್ತಕ ಮಾಡುವುದು ಕಷ್ಟವಲ್ಲ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ದತ್ತು ಮಗು ಇದ್ದರೆ ನೀವೂ ಮಾಡಬಹುದು, ಪರದೇಶಕ್ಕೇ ಹೋಗಿರಬೇಕೆಂದಿಲ್ಲ. ಹನ್ನೆರಡು ಪುಟ ಸಾಕು. ಮೊದಲ ಪುಟದಲ್ಲಿ 'ನೀನು ಹುಟ್ಟಿದೆ' ಅಂತಲೇ ಶುರು ಮಾಡಿ, 'ನೀನು ನಮ್ಮ ಮನೆಗೆ ಬಂದೆ' ಅಂತ ಅಲ್ಲ. ಮಗು ಇದ್ದ ಆಶ್ರಮದ ಆಯಾ, ಅದು ಉಡುತ್ತಿದ್ದ ಬಟ್ಟೆ, ಕರಕೊಂಡು ಬಂದ ದಿನದ ಫೋಟೋ, ಏನಿದ್ದರೂ ಅಂಟಿಸಿ. ಕೊನೆಗೆ ಎರಡು ಹಾಳೆ ಖಾಲಿ ಬಿಡಿ. 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ತಾನೇ ಅರ್ಜಿ ಹಾಕುವ ಅವಕಾಶ ನಿಯಮದಲ್ಲೇ ಇದೆ. ಅದು ಬರೆದುಕೊಳ್ಳಲಿಕ್ಕೆ ಆ ಹಾಳೆ. ಮದುವೆ ಕರೆಯೋಲೆಯ ದಪ್ಪ ರಟ್ಟು ಹೊದಿಕೆಗೆ ಚೆನ್ನಾಗಿರುತ್ತದೆ. ನಡುವೆ ಗೋಣಿ ಸೂಜಿಯಿಂದ ಎರಡೆಳೆ ದಾರ ಹಾಕಿ ಹೊಲಿಯಿರಿ, ಪಿನ್ನು ಬೇಡ, ಚುಚ್ಚುತ್ತದೆ. ಮೈದಾ ಅಂಟು ಕಾಯಿಸುವವರು ಜಿರಲೆ ತಿನ್ನದಿರಲಿ ಎಂದು ಮೈಲುತುತ್ತ ಹಾಕುವುದುಂಟು. ಈ ಪುಸ್ತಕಕ್ಕೆ ಹಾಕಬೇಡಿ, ಚಿಕ್ಕ ಮಕ್ಕಳು ಮೂಲೆ ಕಚ್ಚುತ್ತವೆ.